ಆಫ್ರಿಕಕ್ಕೆಂದು ಹೊರಟು ಬಳಗಾನೂರು ಸೇರಿದೆವು



ಕಾಫಿಗೆ ಬೆಲೆ ಬಂದ ವರ್ಷ ಬೆಳೆಗಾರನ ತಲೆಗೆ ಎರಡು ಯೋಚನೆ ಹೊಳೆಯುತ್ತವೆ. ಒಂದು ಹೊಸ ಜೀಪು, ಇನ್ನೊಂದು ದೂರದ ಪ್ರವಾಸ. 2024ರಲ್ಲಿ ಹಿಂದೆಂದೂ ಕಾಣದ ಬೆಲೆ ಬಂದಾಗ ನಮ್ಮಲ್ಲಿ ಕೆಲವರಿಗೆ ಎರಡನೆಯದು ಹೊಳೆಯಿತು. ಸಂಘದ ವಾರ್ಷಿಕ ಸಭೆ ಮುಗಿದು ಊಟಕ್ಕೆ ಕುಳಿತಿದ್ದಾಗ ಯುವ ಸದಸ್ಯರೊಬ್ಬರು ಬಣ್ಣದ ಕಾಗದವೊಂದನ್ನು ಎಲೆಯ ಪಕ್ಕದಲ್ಲಿಟ್ಟರು. ಆಫ್ರಿಕದ ಕೀನ್ಯ ದೇಶಕ್ಕೆ ಏಳು ದಿನದ ಪ್ರವಾಸ. ಸಾವಿರಾರು ಪ್ರಾಣಿಗಳು ಒಟ್ಟಾಗಿ ಹೊಳೆ ದಾಟುವುದನ್ನು ಕಣ್ಣಾರೆ ನೋಡಬಹುದು. ಐಷಾರಾಮವೂ ಅಲ್ಲ, ತೀರ ಅಗ್ಗವೂ ಅಲ್ಲ, ಮಧ್ಯಮ ದರ್ಜೆಯ ವ್ಯವಸ್ಥೆ. ತಲೆಗೆ ಮೂರೂವರೆ ಲಕ್ಷ ರೂಪಾಯಿ.

ಹನ್ನೊಂದು ಜನ ಹೆಸರು ಬರೆಸಿದೆವು. ಕೊನೆಗೆ ಹನ್ನೊಂದು ಜನವೂ ಹೊರಟೆವು. ಆದರೆ ತಲುಪಿದ್ದು ರಾಯಚೂರು ಜಿಲ್ಲೆ ಮಸ್ಕಿ ತಾಲ್ಲೂಕಿನ ಬಳಗಾನೂರಿಗೆ. ಅದು ಹೇಗಾಯಿತೆಂಬುದನ್ನೂ, ಅಲ್ಲಿ ಕಂಡದ್ದನ್ನೂ, ಅದರಿಂದ ನಮ್ಮ ತೋಟಗಳಲ್ಲಿ ಬದಲಿಸಿಕೊಳ್ಳಬೇಕೆನಿಸಿದ್ದನ್ನೂ ಸದಸ್ಯರ ಮುಂದಿಡಲು ಈ ಬರಹ. ಆಫ್ರಿಕಕ್ಕೆ ನಿಜವಾಗಿಯೂ ಹೋಗಬೇಕೆನ್ನುವವರಿಗಾಗಿ ನಾವು ಕಲೆಹಾಕಿದ್ದ ವಿವರಗಳನ್ನೂ ಕೊಟ್ಟಿದ್ದೇವೆ. ಆ ಶ್ರಮ ವ್ಯರ್ಥವಾಗಬಾರದಲ್ಲ!

ಹುಲ್ಲಿನ ಹಿಂದೆ ನಡೆಯುವ ಹಿಂಡು

ಮೊದಲು ಆ ಹೊಳೆ ದಾಟುವ ಪ್ರಾಣಿಯ ವಿಷಯ. ಟಾಂಜಾನಿಯದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನ 14,763 ಚದರ ಕಿಲೋಮೀಟರ್ ವಿಸ್ತಾರದ್ದು. ಅದಕ್ಕೆ ಉತ್ತರದಲ್ಲಿ ಅಂಟಿಕೊಂಡಿರುವುದು ಕೀನ್ಯದ ಮಸಾಯಿ ಮಾರಾ, ಸುಮಾರು 1,500 ಚದರ ಕಿಲೋಮೀಟರ್. ದೇಶ ಎರಡಾದರೂ ಹುಲ್ಲುಗಾವಲು ಒಂದೇ. ಇಲ್ಲಿ ಮೇಯುವ ಮುಖ್ಯ ಪ್ರಾಣಿ ವಿಲ್ಡೆಬೀಸ್ಟ್. ಜಿಂಕೆಯ ಬಳಗಕ್ಕೆ ಹತ್ತಿರದ್ದು. ನೋಡಲು ಮಾತ್ರ ದನದ ಕೊಂಬು, ಕುದುರೆಯ ಬಾಲ, ಮೇಕೆಯ ಗಡ್ಡ ಸೇರಿಸಿ ಮಾಡಿದ ಹಾಗಿದೆ. ವಿಮಾನದಿಂದ ಎಣಿಸಿದ ಲೆಕ್ಕದಲ್ಲಿ ಇವು ಸುಮಾರು 13 ಲಕ್ಷ ಎಂದು ಬಹುಕಾಲ ಹೇಳುತ್ತಿದ್ದರು. 2025ರಲ್ಲಿ ಪ್ರಕಟವಾದ, ಉಪಗ್ರಹದ ಚಿತ್ರಗಳಿಂದ ಮಾಡಿದ ಎಣಿಕೆಯಲ್ಲಿ 6 ಲಕ್ಷಕ್ಕೂ ಕಡಿಮೆ ಸಿಕ್ಕಿವೆ. ಇವುಗಳ ಜೊತೆ ಪಟ್ಟೆ ಕುದುರೆಗಳೂ ಸಣ್ಣ ಜಿಂಕೆಗಳೂ ಲಕ್ಷಗಟ್ಟಲೆ ನಡೆಯುತ್ತವೆ.

ಇವು ನಡೆಯುವುದು ಹುಲ್ಲಿಗಾಗಿ, ನೀರಿಗಾಗಿ. ಜನವರಿಯಿಂದ ಮಾರ್ಚ್‌ವರೆಗೆ ಸೆರೆಂಗೆಟಿಯ ದಕ್ಷಿಣ ಬಯಲಿನಲ್ಲಿರುತ್ತವೆ. ಅಲ್ಲಿ ಜ್ವಾಲಾಮುಖಿಯ ಬೂದಿ ಬಿದ್ದು ಸಾರವಾದ ಮಣ್ಣು, ಗಿಡ್ಡ ಹುಲ್ಲು. ಫೆಬ್ರವರಿ ಸುಮಾರಿಗೆ, ಮೂರು ವಾರದೊಳಗೆ ಬಹುಪಾಲು ಹಸುಗಳು ಕರು ಹಾಕುತ್ತವೆ. ಹುಟ್ಟಿದ ಕರು ಕೆಲವೇ ನಿಮಿಷಗಳಲ್ಲಿ ಎದ್ದು ತಾಯಿಯ ಹಿಂದೆ ಓಡಬೇಕು. ಮೇ ಕಳೆದು ಬಯಲು ಒಣಗಿದಂತೆ ಪಶ್ಚಿಮಕ್ಕೆ, ಅಲ್ಲಿಂದ ಉತ್ತರಕ್ಕೆ ಹೊರಡುತ್ತವೆ. ಜುಲೈನಿಂದ ಅಕ್ಟೋಬರ್‌ವರೆಗೆ ಮೊಸಳೆಗಳಿರುವ ಮಾರಾ ಹೊಳೆಯನ್ನು ದಾಟಿ ಕೀನ್ಯದಲ್ಲಿ ಮೇದು, ನವೆಂಬರ್ ಮಳೆಗೆ ಮತ್ತೆ ದಕ್ಷಿಣಕ್ಕೆ ತಿರುಗುತ್ತವೆ. ದಿನ ಗೊತ್ತುಮಾಡುವುದು ಮಳೆ. ಪ್ರವಾಸದ ಕಾಗದದಲ್ಲಿ ಯಾವ ತಾರೀಖು ಅಚ್ಚಾಗಿದ್ದರೂ ಅಂದೇ ಹಿಂಡು ಹೊಳೆ ದಾಟುತ್ತದೆಂದು ಯಾರೂ ಹೇಳಲಾರರು.

ದನ ಸಾಕಿದವರಿಗೆ ಇನ್ನೊಂದು ಸಂಗತಿ ಹೆಚ್ಚು ಹಿಡಿಸೀತು. 1890ರ ದಶಕದಲ್ಲಿ ರಿಂಡರ್‌ಪೆಸ್ಟ್ ಎಂಬ ದನಗಳ ದೊಡ್ಡರೋಗ ಪೂರ್ವ ಆಫ್ರಿಕದ ಕೊಟ್ಟಿಗೆಗಳನ್ನು ಬರಿದುಮಾಡಿತು. ದನದಿಂದ ಅದು ಕಾಡಿನ ಹಿಂಡಿಗೂ ಹರಡಿತು. 1961ರ ಎಣಿಕೆಯಲ್ಲಿ ವಿಲ್ಡೆಬೀಸ್ಟ್ ಇದ್ದದ್ದು ಸುಮಾರು ಎರಡೂವರೆ ಲಕ್ಷ. ಅದೇ ಕಾಲದಲ್ಲಿ ಸುತ್ತಲ ಹಳ್ಳಿಗಳ ದನಗಳಿಗೆ ಲಸಿಕೆ ಹಾಕಿದರು. ಕಾಡಿನ ಪ್ರಾಣಿಗೆ ಯಾರೂ ಸೂಜಿ ಚುಚ್ಚಲಿಲ್ಲ. ದನದಲ್ಲಿ ರೋಗ ನಿಂತದ್ದರಿಂದ ಕಾಡಿನಲ್ಲಿಯೂ ನಿಂತಿತು. 1977ರ ಹೊತ್ತಿಗೆ ಹಿಂಡು 13 ಲಕ್ಷವನ್ನು ಮೀರಿತ್ತು. 2011ರಲ್ಲಿ ಆ ರೋಗವೇ ಭೂಮಿಯಿಂದ ಅಳಿಯಿತೆಂದು ಸಾರಲಾಯಿತು. ಕೊಟ್ಟಿಗೆಗೂ ಕಾಡಿಗೂ ನಡುವೆ ಗೋಡೆ ಇಲ್ಲವೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಮೇಸ್ತ್ರಿ ಹೇಳಿದ ಮಾತು

ಡಿಸೆಂಬರ್ ಬಂತು. ಅರೇಬಿಕಾ ಕೊಯ್ಲು ನಡೆದಿತ್ತು. ನಮ್ಮಲ್ಲೊಬ್ಬರ ತೋಟಕ್ಕೆ ಬಳಗಾನೂರು ಕಡೆಯಿಂದ ಹತ್ತಾರು ವರ್ಷಗಳಿಂದ ಒಂದು ತಂಡ ಕೊಯ್ಲಿಗೆ ಬರುತ್ತದೆ. ಊರಲ್ಲಿ ಮುಂಗಾರಿನ ಬೆಳೆ ಕೈಗೆ ಬಂದ ಮೇಲೆ, ಅಥವಾ ಕೈಗೆ ಬಾರದೆ ಹೋದ ಮೇಲೆ, ಕೆಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೂ ಕೆಲವರು ನಮ್ಮ ಘಟ್ಟದ ತೋಟಗಳಿಗೂ ಹೊರಡುತ್ತಾರೆ. ಇದಕ್ಕೆ ಅವರು ಗುಳೆ ಎನ್ನುತ್ತಾರೆ.

ಸಂಜೆ ಹಣ್ಣು ಅಳೆಯುವಾಗ ನಮ್ಮ ಪ್ರವಾಸದ ಮಾತು ಬಂತು. ಮೇಸ್ತ್ರಿ ಕೇಳಿ ನಕ್ಕರು.

“ದನ ಹೊಳಿ ದಾಟಾದು ನೋಡಾಕ ಮೂರೂವರಿ ಲಕ್ಷ ಕೊಡ್ತೀರೇನ್ರಿ ಧಣೇರ? ನಮ್ಮೂರಿಗೆ ಬರ್ರಿ. ಕುರಿ ಹಳ್ಳ ದಾಟಾದು ಪುಕ್ಕಟೆ ತೋರಸ್ತೀನಿ.”

ಎಲ್ಲರೂ ನಕ್ಕೆವು. ಮೇಸ್ತ್ರಿ ಮುಂದುವರಿಸಿದರು: “ಬಂದ್ರ ನಮ್ಮ ಮಾವನ್ನೂ ನೋಡಿದಂಗ ಆಗ್ತದ್ರಿ.”

ನಗು ಅಲ್ಲಿಗೆ ನಿಂತಿತು. ಹಿಂದಿನ ವರ್ಷದ ಕೊಯ್ಲಿನಲ್ಲಿ, ಬೆಳಕು ಹರಿಯುವ ಮೊದಲು ಗಿಡದ ಸಾಲಿಗೆ ಹೊರಟಿದ್ದ ಆ ಮಾವನನ್ನು ಆನೆ ಎತ್ತಿ ಒಗೆದಿತ್ತು. ಸೊಂಟದ ಮೂಳೆ ಮುರಿದು ತಿಂಗಳುಗಟ್ಟಲೆ ಮಲಗಿದ್ದರು. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಬದಲು “ಮೇಸ್ತ್ರಿ ಗ್ಯಾಂಗ್, 14 ಆಳು” ಎಂದಷ್ಟೇ ಬರೆದಿದ್ದುದರಿಂದ ಪರಿಹಾರದ ಕಾಗದ ಒಂದು ಮೇಜಿನಿಂದ ಇನ್ನೊಂದಕ್ಕೆ ಅಲೆಯಿತು. ತಪ್ಪು ನಮ್ಮದು, ಒಪ್ಪಿಕೊಳ್ಳುತ್ತೇವೆ. ಸಂಘದಲ್ಲಿ ಅವರಿಗೆಂದು ಹಣ ಕೂಡಿಸಿದ್ದೆವು. ಯಾರಾದರೂ ಹೋಗಿ ಕೈಗೆ ಕೊಟ್ಟು ಬರಬೇಕೆಂದು ಮೂರು ಸಭೆಗಳಲ್ಲಿ ಮಾತಾಗಿತ್ತು. ಹೋದವರು ಯಾರೂ ಇಲ್ಲ. ಕೀನ್ಯಕ್ಕೆ ಏಳು ದಿನ ಹೊಂದಿಸಿಕೊಂಡವರಿಗೆ ರಾಯಚೂರಿಗೆ ನಾಲ್ಕು ದಿನ ಸಿಕ್ಕಿರಲಿಲ್ಲ!

ಅರೇಬಿಕಾ ಮುಗಿದು ರೋಬಸ್ಟಾ ಕೊಯ್ಲು ಹತ್ತುವ ಮೊದಲು, 2025ರ ಜನವರಿಯಲ್ಲಿ ಸಂಕ್ರಾಂತಿ ಕಳೆದ ಮೇಲೆ, ಒಂದು ಟೆಂಪೊ ಗೊತ್ತುಮಾಡಿಕೊಂಡು ಹೊರಟೆವು.

ಕಪ್ಪು ಮಣ್ಣಿನ ಊರು

ಚಿತ್ರದುರ್ಗ, ಹೊಸಪೇಟೆ, ಗಂಗಾವತಿ, ಸಿಂಧನೂರು ದಾಟಿ ಬಳಗಾನೂರು ಸೇರುವಾಗ ಸಂಜೆ. ಘಟ್ಟದ ಕಣ್ಣಿಗೆ ಆ ನೆಲ ಬೇರೆಯದೇ ಲೋಕ. ಅಡ್ಡಕ್ಕೆ ಒಂದು ಗುಡ್ಡವಿಲ್ಲದೆ ಹರಡಿದ ಎರೆಭೂಮಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ತಲುಪಿದಲ್ಲಿ ಭತ್ತ, ತಲುಪದಲ್ಲಿ ಬಿಳಿಜೋಳ, ಕಡಲೆ. ಕಾಲುವೆಯ ಕೊನೆಯಲ್ಲಿರುವವರಿಗೆ ನೀರು ಯಾವ ವರ್ಷ ಬಂದೀತು, ಯಾವ ವರ್ಷ ಬಾರದು ಎಂಬ ಚಿಂತೆ ತಪ್ಪಿದ್ದಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದಾಗ ಊರಿಗೆ ಊರೇ ನಿದ್ದೆಗೆಟ್ಟಿತ್ತಂತೆ. ತಾತ್ಕಾಲಿಕ ಗೇಟು ಇಳಿಸಿ, ಮತ್ತೆ ಮಳೆಯಾಗಿ ನೀರು ನಿಂತ ಮೇಲೆ ಜೀವ ಬಂತೆಂದು ಮನೆಯವರು ಹೇಳಿದರು. ಗೇಟು ಹೋದ ಸುದ್ದಿಯನ್ನು ನಾವು ಪತ್ರಿಕೆಯಲ್ಲಿ ಓದಿ ಪುಟ ತಿರುಗಿಸಿದ್ದೆವು. ನಮ್ಮ ಕೊಯ್ಲಿಗೆ ಎಷ್ಟು ಆಳು ಬಂದಾರು ಎಂಬುದು ಆ ನೀರಿನ ಮೇಲೆ ನಿಂತಿದೆಯೆಂದು ಆಗ ಹೊಳೆದಿರಲಿಲ್ಲ.

ರಾತ್ರಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ನಾವು ಒಯ್ದಿದ್ದ ಕಾಫಿಪುಡಿಯಿಂದ ಕಾಫಿ ಮಾಡಿಕೊಟ್ಟೆವು. ಎಷ್ಟೋ ವರ್ಷ ಆ ಹಣ್ಣನ್ನು ಕೊಯ್ದ ತಾಯಿಯೊಬ್ಬರು, ತಾವು ಕೊಯ್ದದ್ದರ ರುಚಿ ಹೀಗಿರುತ್ತದೆಂದು ಈಗ ತಿಳಿಯಿತೆಂದರು.

ಮರುದಿನ ನಸುಕಿನಲ್ಲಿ ಮೇಸ್ತ್ರಿ ನಮ್ಮನ್ನು ಹೊಲಕ್ಕೆ ಕರೆದೊಯ್ದರು. ಜೋಳ ಹಾಲುಗಾಳು ಕಳೆದು ಗಟ್ಟಿಯಾಗುತ್ತಿದ್ದ ಹೊತ್ತು. ಹೊಲದ ನಡುವೆ ನಾಲ್ಕು ಕಂಬದ ಮೇಲೆ ಮಂಚಿಕೆ, ಅದರ ಮೇಲೆ ಕವಣೆ ಹಿಡಿದು ಕುಳಿತಿದ್ದರು ನಾವು ನೋಡಬಂದ ಯಜಮಾನರು. ನಡೆಯಲು ಕೋಲು ಬೇಕು. ದೂರದ ಕೂಲಿ ಇನ್ನಾಗದು. ಕುಳಿತು ಹಕ್ಕಿ ಕಾಯುವ ಕೆಲಸವನ್ನು ಮನೆಯವರು ಅವರಿಗೆ ವಹಿಸಿದ್ದರು.

ಸೂರ್ಯ ಮೇಲೇರುತ್ತಿದ್ದಂತೆ ಪಶ್ಚಿಮದಿಂದ ಹೊಗೆಯಂಥದೊಂದು ಬಂತು. ಉದ್ದವಾಯಿತು, ಗುಂಡಗಾಯಿತು, ತಿರುಗಿತು, ಹೊಲದ ಮೇಲೆ ಇಳಿಯಿತು. ಸಾವಿರಾರು ಹಕ್ಕಿ! ತಲೆ, ರೆಕ್ಕೆ ಕಪ್ಪು. ಬೆನ್ನು, ಹೊಟ್ಟೆ ಮಾಸಿದ ಗುಲಾಬಿ. ಗುಲಾಬಿ ಮೈನಾ ಎಂದು ಪುಸ್ತಕದ ಹೆಸರು. ಬ್ರಿಟಿಷರ ಕಾಲದ ಬೇಟೆಗಾರರು ಇದನ್ನು ಜೋಳದ ಹಕ್ಕಿ ಎಂದೇ ಕರೆಯುತ್ತಿದ್ದರು. ಕವಣೆಯ ಕಲ್ಲು ಬಿದ್ದಲ್ಲಿ ಏಳುತ್ತವೆ, ಹತ್ತು ಮಾರು ಆಚೆ ಇಳಿಯುತ್ತವೆ. ಒಂದು ಗಂಟೆ ಹೊತ್ತು ಕೂಗಿ, ಡಬ್ಬ ಬಡಿದು, ನಾವು ಹನ್ನೊಂದು ಜನವೂ ಹಕ್ಕಿ ಕಾದೆವು.

ಈ ಹಕ್ಕಿ ಮರಿ ಮಾಡುವುದು ಇಲ್ಲಿ ಅಲ್ಲ. ಬೇಸಿಗೆಗೆ ಮಧ್ಯ ಏಷ್ಯದ ಹುಲ್ಲುಗಾಡಿಗೆ ಹೋಗುತ್ತದೆ. ಅಲ್ಲಿ ಅದರ ಮುಖ್ಯ ಆಹಾರ ಮಿಡತೆ. ಚೀನ ದೇಶದ ಸಿಂಕಿಯಾಂಗ್ ಪ್ರಾಂತದಲ್ಲಿ ಮಿಡತೆಯ ಕಾಟಕ್ಕೆ ವಿಷ ಸಿಂಪಡಿಸುವ ಬದಲು, 1980ರ ದಶಕದಿಂದ ಕಲ್ಲುಗಳನ್ನು ಒಟ್ಟಿ ಈ ಹಕ್ಕಿಗೆ ಗೂಡಿನ ಜಾಗ ಮಾಡಿಕೊಡುತ್ತ ಬಂದಿದ್ದಾರೆ. ಅಲ್ಲಿ ಕರೆದು ಮನೆ ಕಟ್ಟಿಕೊಡುವ ಹಕ್ಕಿಗೆ ಇಲ್ಲಿ ಕವಣೆಯ ಕಲ್ಲು. ಅಲ್ಲಿಯವರೂ ಇಲ್ಲಿಯವರೂ ಅವರವರ ನೆಲದಲ್ಲಿ ನಿಂತು ನೋಡಿದರೆ ಸರಿಯೇ.

ಇದನ್ನು ಹೇಳಿದಾಗ ಯಜಮಾನರು, “ಇರಬೌದ್ರಿ. ಅವಕ್ಕೂ ಹೊಟ್ಟಿ ಅದಲ್ರಿ. ಎಳ್ಳಮಾಸಿಗೆ ಚರಗ ಚೆಲ್ಲೀವಿ, ಅವರ ಪಾಲು ಅವರಿಗೆ ಕೊಟ್ಟೀವಿ. ಮಿಕ್ಕಿದ್ದು ನಮಗ ಬಿಡ್ಲಿ ಅಂತ ಹೊಡೀತೀವಿ” ಎಂದರು. ಎಳ್ಳಮಾಸಿಯಲ್ಲಿ ಹೊಲದಲ್ಲೇ ಉಂಡು, ಅಡುಗೆಯನ್ನು ಭೂಮಿಗೆ ಚೆಲ್ಲುವ ಪದ್ಧತಿ ಆ ಸೀಮೆಯಲ್ಲಿ ಇಂದಿಗೂ ಇದೆ.

ಆಮೇಲೆ ಎಳೆ ತೆನೆ ಸುಟ್ಟು ಸೀತನಿ ಉದುರಿಸಿ ಕೊಟ್ಟರು. ತಿನ್ನುತ್ತ ಕುಳಿತಾಗ ಸಂಘದ ಹಣವನ್ನು ಅವರ ಕೈಗಿಟ್ಟೆವು. ತಡವಾದದ್ದಕ್ಕೆ ಕ್ಷಮೆ ಕೇಳಿದೆವು. ಅವರು ಅದನ್ನು ಎಣಿಸದೆ ಮಗನ ಕೈಗೆ ಕೊಟ್ಟು, “ಆ ಆನಿ ಮತ್ತ ಬಂತೇನ್ರಿ?” ಎಂದು ಕೇಳಿದರು.

ಬಂದಿತ್ತು. ಅದೇ ತಿಂಗಳು, ಅದೇ ಕಣಿವೆಯಿಂದ, ಅದೇ ಅಡಿಕೆ ತೋಟದ ಮೂಲೆಯಿಂದ. ಇದ್ದದ್ದನ್ನು ಹೇಳಿದೆವು.

“ಬರ್ತದ್ರಿ. ಅದರ ದಾರಿ ಅದು. ನಾವೂ ವರ್ಷಾ ಬರ್ತೀವಲ್ರಿ” ಎಂದು ಅವರು ಮತ್ತೊಂದು ತೆನೆ ಕೆಂಡಕ್ಕಿಟ್ಟರು.

ಸಂಜೆ ಮೇಸ್ತ್ರಿ ಮಾತು ಉಳಿಸಿಕೊಂಡರು. ಭತ್ತ ಕೊಯ್ದ ಗದ್ದೆಗಳಿಗೆ ಕುರಿಗಾರರು ಬಂದಿಳಿದಿದ್ದರು. ಮಳೆಗಾಲ ಕಳೆದ ಮೇಲೆ ಮೇವು ಹುಡುಕಿ ಹಿಂಡಿನೊಡನೆ ಊರೂರು ನಡೆಯುವವರು. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿದರೆ ಗೊಬ್ಬರ ಹೊಲಕ್ಕೆ, ಕಾಳೋ ಕಾಸೋ ಕುರಿಗಾರನಿಗೆ. ಆರೇಳು ನೂರು ಕುರಿ ಹಳ್ಳದ ದಂಡೆಯಲ್ಲಿ ನಿಂತವು. ಮುಂದಿನದು ನೀರಿಗೆ ಕಾಲಿಡಲು ಹೆದರಿತು. ಒಂದು ಧುಮುಕಿದ್ದೇ ತಡ, ಎಲ್ಲವೂ ಧುಮುಕಿದವು. ಮೊಸಳೆ ಇರಲಿಲ್ಲ ಅಷ್ಟೇ!

ಹಿಮಾಲಯ ದಾಟಿ ಬಂದ ಹೆಬ್ಬಾತು

ಮೂರನೆಯ ದಿನ ಕೊಪ್ಪಳ, ಗದಗದ ಮೇಲೆ ಹಾದು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋದೆವು. ನೀರಾವರಿಗೆಂದು ಕಟ್ಟಿದ, ಸುಮಾರು 50 ಹೆಕ್ಟೇರಿನ ಊರ ಕೆರೆ. ಚಳಿಗಾಲಕ್ಕೆ ಇಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಇಳಿಯುತ್ತವೆ. ದಕ್ಷಿಣ ಭಾರತದಲ್ಲಿ ಅವು ಅತಿ ಹೆಚ್ಚು ಸೇರುವ ಜಾಗಗಳಲ್ಲಿ ಇದೊಂದು. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲೆಗಳ ಪಟ್ಟಿಗೆ ಸೇರಿತು. ಹಗರಿಬೊಮ್ಮನಹಳ್ಳಿ ಬಳಿಯ ಅಂಕಸಮುದ್ರವೂ ಅದೇ ವರ್ಷ ಸೇರಿತು.

ಬೂದು ಮೈ, ಬಿಳಿಯ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಮಂಗೋಲಿಯ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುತ್ತವೆ. ಯಂತ್ರ ಕಟ್ಟಿ ಬಿಟ್ಟ ಹಕ್ಕಿಗಳು 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಆ ಎತ್ತರದ ತೆಳುಗಾಳಿಯಲ್ಲೂ ಆಮ್ಲಜನಕ ಹಿಡಿದುಕೊಳ್ಳುವ ಶಕ್ತಿ ಅವುಗಳ ರಕ್ತಕ್ಕಿದೆ. ಮಂಗೋಲಿಯದಲ್ಲಿ ಕುತ್ತಿಗೆಗೆ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಹಗಲು ನೀರಿನಲ್ಲಿ ವಿಶ್ರಾಂತಿ, ಕತ್ತಲಾದ ಮೇಲೆ ಸುತ್ತಲ ಕಡಲೆ, ಶೇಂಗಾ ಹೊಲಗಳಲ್ಲಿ ಮೇವು. ರೈತರಿಗೆ ನಷ್ಟವೂ ಉಂಟು. ಆದರೂ ಊರವರು ಅವನ್ನು ಹೊಡೆಯುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಸಾಲು ಸಾಲಾಗಿ ಕೂಗುತ್ತ ನಮ್ಮ ತಲೆಯ ಮೇಲೆ ಹಾದುಹೋದವು. ಬಹಳ ಹೊತ್ತು ಯಾರೂ ಟೆಂಪೊ ಹತ್ತಲಿಲ್ಲ.

ತೋಟಕ್ಕೆ ತಂದ ಪಾಠ

ಹಿಂದಿರುಗುವಾಗ ದಾರಿಯುದ್ದಕ್ಕೂ ಆನೆಯದೇ ಮಾತು. ದೇಶದಲ್ಲಿ ಅತಿ ಹೆಚ್ಚು ಕಾಡಾನೆ ಇರುವ ರಾಜ್ಯ ನಮ್ಮದು; ಸಂಖ್ಯೆ ಆರು ಸಾವಿರದ ಸುಮಾರು. ಬೆಳೆ ಕಳೆದುಕೊಂಡವರ, ಆಳು ಕಳೆದುಕೊಂಡವರ ಸಂಕಟ ನಮ್ಮ ಸಂಘಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಕೈಲಾದವರು ಬೇಲಿ ಹಾಕಿದ್ದಾರೆ. ಬೇಲಿ ಹಾಕಿದವರ ತೋಟ ಬಿಟ್ಟು ಆನೆ ಹಾಕದವರ ತೋಟಕ್ಕೆ ಬಂದಿದೆ.

ಆಫ್ರಿಕದಿಂದ ಎರಡು ಸಂಗತಿ ಕೇಳಿ. ಬೋಟ್ಸ್ವಾನ ದೇಶದಲ್ಲಿ ದನಗಳ ಕಾಲುಬಾಯಿ ರೋಗ ತಡೆಯಲು 1950ರ ದಶಕದಿಂದ ನೂರಾರು ಕಿಲೋಮೀಟರ್ ತಂತಿ ಬೇಲಿ ಎಳೆದರು. 1980ರ ದಶಕದ ಬರದಲ್ಲಿ ಕಲಹರಿಯಿಂದ ನೀರಿಗೆ ಹೊರಟ ವಿಲ್ಡೆಬೀಸ್ಟ್‌ಗಳು ಆ ಬೇಲಿಗೆ ತಡೆದು ಸಾವಿರ ಸಾವಿರ ಸಂಖ್ಯೆಯಲ್ಲಿ ಸತ್ತವು. ಕೀನ್ಯದ ಲೋಯಿಟಾ ಬಯಲಿನಿಂದ ಮಾರಾಕ್ಕೆ ಬರುತ್ತಿದ್ದ ಇನ್ನೊಂದು ಹಿಂಡು, 1970ರ ದಶಕದಲ್ಲಿ ಲಕ್ಷ ಮೀರಿದ್ದದ್ದು, ಬಯಲು ಗೋಧಿ ಹೊಲವಾದ ಮೇಲೆ ಇಪ್ಪತ್ತು ವರ್ಷದಲ್ಲಿ ಕಾಲುಭಾಗಕ್ಕೂ ಕಡಿಮೆಯಾಯಿತು. ವಿಲ್ಡೆಬೀಸ್ಟ್ ಬೇಲಿಯ ಬುಡದಲ್ಲಿ ಸಾಯುತ್ತದೆ. ಆನೆ ಹಾಗೆ ಸಾಯುವುದಿಲ್ಲ. ಬೇಲಿ ಮುರಿಯುತ್ತದೆ, ಇಲ್ಲವೆ ಹೊಸ ದಾರಿ ಹಿಡಿಯುತ್ತದೆ. ಹೊಸ ದಾರಿಯಲ್ಲಿ ಯಾರ ಮನೆ ಇದೆಯೋ ಅವರ ಪಾಡು ಏನು?

ಆದ್ದರಿಂದ ಪ್ರವಾಸ ಹೋದವರು ಸೇರಿ ಮೂರು ಸಲಹೆಗಳನ್ನು ಸಂಘದ ಮುಂದಿಟ್ಟಿದ್ದೇವೆ. ಒಂದು: ಕೊಯ್ಲಿನವರ ಹೆಸರು, ಊರು, ಗುರುತಿನ ಚೀಟಿಯ ವಿವರ ಮೊದಲ ದಿನವೇ ಹಾಜರಿ ಪುಸ್ತಕಕ್ಕೆ ಬರಬೇಕು, “ಇಷ್ಟು ಆಳು” ಎಂದು ಬರೆಯುವುದು ನಿಲ್ಲಬೇಕು. ಎರಡು: ಆನೆ ಇರುವ ಸುದ್ದಿ ಅರಣ್ಯ ಇಲಾಖೆಯಿಂದಲೋ ನೆರೆಯವರಿಂದಲೋ ಬಂದ ದಿನ, ಚೆನ್ನಾಗಿ ಬೆಳಕು ಹರಿಯುವವರೆಗೆ ಯಾರನ್ನೂ ಸಾಲಿಗೆ ಕಳಿಸಬಾರದು, ಎರಡು ಗಂಟೆ ಕೆಲಸ ಹೋದರೆ ಹೋಗಲಿ. ಮೂರು: ಹೊಸ ಬೇಲಿ ಹಾಕುವವರು ಪಕ್ಕದ ತೋಟದವರೊಡನೆ ಕುಳಿತು, ಆನೆ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಗುರುತುಮಾಡಿಕೊಂಡು, ದಾಟುವ ಜಾಗ ಬಿಟ್ಟು ಹಾಕಬೇಕು.

ಹೋಗಬಯಸುವವರಿಗೆ

ಕೀನ್ಯಕ್ಕೆ 2024ರ ಜನವರಿಯಿಂದ ವೀಸಾ ಬದಲು ಮುಂಚಿತವಾಗಿ ಆನ್‌ಲೈನ್ ಪ್ರಯಾಣ ಅನುಮತಿ ಪಡೆಯುವ ಪದ್ಧತಿ ಬಂದಿದೆ. ಹಳದಿ ಜ್ವರದ ಲಸಿಕೆಯನ್ನು ಹೊರಡುವ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿ ಪ್ರಮಾಣಪತ್ರ ಇಟ್ಟುಕೊಳ್ಳಿ. ಹಿಂದಿರುಗುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಕೇಳುತ್ತಾರೆ. ಮಸಾಯಿ ಮಾರಾದ ಪ್ರವೇಶ ಶುಲ್ಕ, 2024ರಲ್ಲಿ ಗೊತ್ತುಮಾಡಿದಂತೆ, ಹೊರದೇಶದ ವಯಸ್ಕರಿಗೆ ದಿನಕ್ಕೆ ಜನವರಿಯಿಂದ ಜೂನ್‌ವರೆಗೆ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200 ಡಾಲರ್. ಏಜೆಂಟರು ಹೇಳುವ ಮೊತ್ತದಲ್ಲಿ ಇದು ಸೇರಿದೆಯೇ ಎಂದು ಮೊದಲು ಕೇಳಿ. ಟಾಂಜಾನಿಯದ ಕಡೆಯಿಂದ ಹೋಗುವವರು ಮೋಶಿ ಪಟ್ಟಣದಲ್ಲಿ ಒಂದು ದಿನ ನಿಲ್ಲಿ. ಕಿಲಿಮಂಜಾರೊ ತಪ್ಪಲಿನ ಸಣ್ಣ ಬೆಳೆಗಾರರು ಬಾಳೆಯ ನೆರಳಲ್ಲಿ ಕಾಫಿ ಬೆಳೆಯುತ್ತಾರೆ. 1933ರಲ್ಲಿ ಅವರು ಕಟ್ಟಿದ ಸಹಕಾರ ಒಕ್ಕೂಟ ಆಫ್ರಿಕದ ಹಳೆಯ ಕಾಫಿ ಸಂಘಗಳಲ್ಲೊಂದು. ನಮ್ಮ ನಾಡಿನಲ್ಲಿ ಆರಿಸಿದ ಕೆಂಟ್ ತಳಿ ಅವರ ಸೀಮೆಗೂ ಹೋಗಿತ್ತು.

ಅಷ್ಟು ದೂರ ಬೇಡವೆನ್ನುವವರಿಗೆ ಮಾರ್ಚ್‌ನಿಂದ ಮೇವರೆಗೆ ಕಬಿನಿ ಹಿನ್ನೀರು. ನೀರು ಇಳಿದ ದಂಡೆಯ ಹಸಿರು ಹುಲ್ಲಿಗೆ ನಾಗರಹೊಳೆ, ಬಂಡೀಪುರದ ಆನೆಗಳು ಹಿಂಡು ಹಿಂಡಾಗಿ ಸೇರುತ್ತವೆ. ತೋಟದಲ್ಲಿ ಕಂಡರೆ ಎದೆ ಒಡೆಯುವ ಪ್ರಾಣಿಯನ್ನು ಅದರ ಸ್ವಂತ ಊಟದ ಜಾಗದಲ್ಲಿ ಒಮ್ಮೆ ನೋಡಿ ಬರುವುದು ಒಳ್ಳೆಯದು.

ನಮ್ಮ ನಾಲ್ಕು ದಿನಕ್ಕೆ ತಲೆಗೆ ತಗುಲಿದ್ದು 4,800 ರೂಪಾಯಿ. ಬರುವ ಜನವರಿಯಲ್ಲಿ ಬಳಗಾನೂರು ಮತ್ತು ಮಾಗಡಿಗೆ ಇನ್ನೊಂದು ಟೆಂಪೊ ಹೊರಡಿಸುವ ಯೋಚನೆ ಇದೆ. ಹೆಸರು ಕೊಡುವವರು ಸಂಘದ ಕಚೇರಿಯಲ್ಲಿ ಬರೆಸಬಹುದು. ಒಂದೊಂದು ಸೇರು ಕಾಫಿಪುಡಿ ಮರೆಯದೆ ತನ್ನಿ, ಅಲ್ಲಿ ಕೇಳುವವರಿದ್ದಾರೆ.